ಮೂತಿಗಳ ಪಾಲು

ನಮ್ಮೂರಿನಲ್ಲಿ ಗಾಳಿ ನಲ್ಲಿಯಲ್ಲಿ ಬರುತ್ತದೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಊಟವಾದ ಮೇಲೆ ಒಂದು ಸಲ. ಮಿಕ್ಕ ಹೊತ್ತಿನಲ್ಲಿ ಒಂದೆಲೆಯೂ ಅಲ್ಲಾಡುವುದಿಲ್ಲ. ಊದುಬತ್ತಿಯ ಹೊಗೆ ನೂಲು ಹಿಡಿದ ಹಾಗೆ ನೆಟ್ಟಗೆ ಸೂರಿಗೆ ಹೋಗುತ್ತದೆ. ಬೀಸಣಿಗೆ ಹಿಡಿದು ಬೀಸಿದರೆ ಕೈ ನೋಯುತ್ತದೆಯೇ ಹೊರತು ಗಾಳಿ ಏಳುವುದಿಲ್ಲ. ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಹಳೇ ಅಭ್ಯಾಸದಿಂದ ಒದ್ದೆ ಸೀರೆಯನ್ನು ಹಿತ್ತಲ ತಂತಿಯ ಮೇಲೆ ಹರವಿ ಬಂದೆ. ಸಂಜೆ ಹೋಗಿ ಮುಟ್ಟಿದರೆ ಬಿಸಿಲಿಗೆ ಬೆಚ್ಚಗಾಗಿತ್ತು, ಒಣಗಿರಲಿಲ್ಲ. ಮಾರನೆಯ ದಿನವೂ ಹಾಗೇ ಇತ್ತು. ಓರಗಿತ್ತಿ ತುಂಗಕ್ಕ ಅದನ್ನು ನೋಡಿದಳು, ನಗಲಿಲ್ಲ.

"ನಿಮ್ಮ ತವರಲ್ಲಿ ಗಾಳಿ ಬಿಟ್ಟಿ ಸಿಗುತ್ತಿತ್ತು ಅಂತ ಕಾಣತ್ತೆ ವಿಶಾಲೂ. ಬಾ, ಮೂತಿ ತೋರಿಸ್ತೀನಿ" ಎಂದಳು.

ಬರೀ ಪೈಪಿನ ಗಾಳಿ ಯಾವ ಕೆಲಸಕ್ಕೂ ಬಾರದು. ಹುಯ್ಯೆಂದು ಕೂಗುತ್ತದೆ, ಹಂಚು ಹಾರಿಸುತ್ತದೆ. ಅದನ್ನು ಪಳಗಿಸುವುದು ಪೈಪಿನ ತುದಿಗೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಮೂತಿ. ನಲ್ಲಿ ಹಾಕಿಸಿಕೊಂಡಾಗ ಪಂಚಾಯಿತಿಯವರು ಮನೆಗೆ ಐದು ಮೂತಿ ಕೊಡುತ್ತಾರೆ, ಅಷ್ಟೇ. ಮತ್ತೆ ಕೊಡುವುದಿಲ್ಲ. ಪಕ್ಕದ ಮನೆಯಿಂದ ಕಡ ತರೋಣವೆಂದರೆ ಒಂದು ಮನೆಯ ಮೂತಿ ಇನ್ನೊಂದು ಮನೆಯ ಪೈಪಿಗೆ ಕೂರುವುದಿಲ್ಲ, ತಿರುಪು ಬೇರೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದು ಬೇರೆ ಊರುಗಳಲ್ಲಿ. ಇಲ್ಲಿ ಮೂತಿ ಬದಲಾಯಿಸಲು ಬರುತ್ತದೆಯೇ ಎಂದು ಕೇಳುತ್ತಾರೆ. ನನ್ನನ್ನು ಯಾಕೆ ಕೇಳಲಿಲ್ಲವೋ, ಗೊತ್ತಿಲ್ಲ.

ತುಂಗಕ್ಕ ಕಲಿಸಿದಳು. ಒಲೆಗೆ ಸೂಜಿಮೂತಿ. ಕೆಂಡದ ಒಂದು ಮೂಲೆಗೆ ಹಿಡಿದರೆ ಸಾಕು, ಉಳಿದದ್ದು ತಾನೇ ಹತ್ತಿಕೊಳ್ಳುತ್ತದೆ, ನಡುವಿಗೆ ಹಿಡಿದರೆ ಬೂದಿಯೆಲ್ಲ ಸಾರಿನ ಪಾತ್ರೆಗೆ. ಬಟ್ಟೆಗೆ ಚಪ್ಪಟೆ ಮೂತಿ, ಅದನ್ನು ಮೇಲಿಂದ ಕೆಳಕ್ಕೆ ಇಸ್ತ್ರಿ ಎಳೆದ ಹಾಗೆ ಎಳೆಯಬೇಕು. ಮಂಚದಡಿಯ ಕಸಕ್ಕೆ, ಬೀರುವಿನ ಹಿಂದಿನ ಜೇಡರ ಬಲೆಗೆ ಕತ್ತು ಬಗ್ಗಿದ ಕೊಕ್ಕೆಮೂತಿ. ಅಕ್ಕಿ ತೂರುವುದಕ್ಕೆ, ಅಂಗಳ ಗುಡಿಸುವುದಕ್ಕೆ ಸೊಂಡಿಲು ಮೂತಿ, ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ದಪ್ಪನೆಯದು. ಇನ್ನು ಜರಡಿಮೂತಿ. ಅದರ ಮುಖದ ತುಂಬ ಸಾಸಿವೆ ಗಾತ್ರದ ತೂತುಗಳು. ಗಾಳಿ ಅದರಿಂದ ಬಂದದ್ದೇ ಗೊತ್ತಾಗುವುದಿಲ್ಲ. ಹಸಿ ಸಂಡಿಗೆಗೆ, ಎರೆದುಕೊಂಡ ತಲೆಗೂದಲಿಗೆ, ಜ್ವರ ಬಂದವರ ಹಣೆಗೆ ಅದು.

"ಅನುಮಾನ ಬಂದರೆ ಮೊದಲು ನಿನ್ನ ಮುಖಕ್ಕೇ ಹಿಡ್ಕೋ" ಎಂದಳು. "ಕೆನ್ನೆ ತಡೆದರೆ ಬಟ್ಟೆ ತಡೆಯತ್ತೆ. ಕಣ್ಣಿನ ರೆಪ್ಪೆ ತಡೆದರೆ ಸಂಡಿಗೆ ತಡೆಯತ್ತೆ."

ಮನೆಯ ಗಂಡಸರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಸ್ನಾನ ಮಾಡಿ ಬಂದರೆ ಒಣಗಿದ ಪಂಚೆ ಮೊಳೆಯ ಮೇಲೆ ಇರುತ್ತದೆ ಎಂಬುದಷ್ಟೇ ಅವರಿಗೆ ಗೊತ್ತಿದ್ದದ್ದು. ಬೀದಿಗೆ ಎರಡು ಕೋಣೆಗಳಿದ್ದವು. ಎಡಗಡೆ ಭಾವ ಅಶ್ವತ್ಥಯ್ಯನವರ ಊದುಬತ್ತಿ ಅಂಗಡಿ. ಬಲಗಡೆ ನಮ್ಮವರ, ಎಂದರೆ ಶೇಷಾದ್ರಿಯವರ, ಹೊಲಿಗೆ ಅಂಗಡಿ. ಅಣ್ಣತಮ್ಮಂದಿರಿಬ್ಬರೂ ಅನ್ಯೋನ್ಯವಾಗಿದ್ದರು. ಭಾವ ಎತ್ತರದ ಆಳು, ಒಂದು ಭುಜ ತುಸು ಇಳಿದಿತ್ತು. ಆ ಇಳಿದ ಭುಜ ಕಾಣದ ಹಾಗೆ ಅಂಗಿ ಹೊಲಿಯುವುದು ತಮ್ಮನೊಬ್ಬನಿಗೇ ಗೊತ್ತಿದ್ದದ್ದು.

ಒಂದು ಯುಗಾದಿಯ ಹಿಂದಿನ ದಿನ ನಾನೂ ತುಂಗಕ್ಕನೂ ಅರಿಶಿನ ಕುಂಕುಮಕ್ಕೆಂದು ಕರೆದವರ ಮನೆಗೆ ಹೋಗಿದ್ದೆವು. ಅಂಗಳದ ತುಂಬ ಸಂಡಿಗೆ ಇಟ್ಟಿದ್ದೆವು. ನಾವು ಬರುವುದು ತಡವಾಯಿತು, ಗಾಳಿ ಬರುವ ಹೊತ್ತಾಯಿತು. ಹೆಂಗಸರಿಗೆ ಸಹಾಯ ಮಾಡೋಣ ಎಂದು ಗಂಡಸರಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವರ ಜೀವಮಾನದಲ್ಲಿ ಆ ಯೋಚನೆ ಬಂದದ್ದು ಅದೇ ಮೊದಲು. ನಮ್ಮವರು ಚಪ್ಪಟೆ ಮೂತಿ ಎಂದರಂತೆ. ಭಾವ, "ಅಂಗಳ ಪೂರ್ತಿ ಇದೆ, ಅಷ್ಟು ಕೆಲಸಕ್ಕೆ ದೊಡ್ಡ ಮೂತಿಯೇ ಆಗಬೇಕು" ಎಂದರಂತೆ. ಅಣ್ಣ ಹೇಳಿದ ಮೇಲೆ ತಮ್ಮ ನಲ್ಲಿ ತಿರುಗಿಸಿದರು.

ನಾವು ಬೀದಿಯ ತಿರುವಿನಲ್ಲಿದ್ದಾಗಲೇ ಕಂಡಿತು. ಎದುರುಮನೆ ಚಿದಂಬರಯ್ಯನವರು ಹಬ್ಬಕ್ಕೆಂದು ಸುಣ್ಣ ಹೊಡೆಸಿದ್ದ ಗೋಡೆಯ ತುಂಬ ನಮ್ಮ ಹಸಿ ಸಂಡಿಗೆ ಅಂಟಿಕೊಂಡಿತ್ತು. ದೂರದಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು.

"ತಿರುಗಿಸಿದ್ದು ನೀನು" ಎಂದು ಭಾವ ಕೂಗುತ್ತಿದ್ದರು. "ಹೇಳಿದ್ದು ನೀನು" ಎಂದು ನಮ್ಮವರು ಕೂಗುತ್ತಿದ್ದರು. ತುಂಗಕ್ಕ, "ಹೋಗಲಿ ಬಿಡಿ, ಇನ್ನೊಂದು ಸಲ ಇಟ್ಟರಾಯಿತು" ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಜಗಳ ಸಂಡಿಗೆಯನ್ನು ಬಿಟ್ಟು ಅಪ್ಪನ ಕೈಗಡಿಯಾರಕ್ಕೆ ಹೋಗಿತ್ತು. ಮಾರನೆಯ ದಿನ ಬೇವುಬೆಲ್ಲ ತಿನ್ನುತ್ತ ಚಿಕ್ಕಂದಿನಲ್ಲಿ ಯಾರ ತಟ್ಟೆಗೆ ತುಪ್ಪ ಹೆಚ್ಚು ಬೀಳುತ್ತಿತ್ತು ಎಂಬುದಕ್ಕೆ ಬಂತು. ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಪಾಲಾಗೋಣ ಎಂದರು. ಪಂಚರನ್ನು ಕರೆಸಿದರು. ಪಂಚರಲ್ಲಿ ಹಿರಿಯರು ಅದೇ ಚಿದಂಬರಯ್ಯನವರು. ಉಗುರಿನಲ್ಲಿ ಇನ್ನೂ ಸಂಡಿಗೆ ಕೆರೆದ ಸುಣ್ಣ ಇಟ್ಟುಕೊಂಡು ನ್ಯಾಯ ಹೇಳಲು ಬಂದು ಕೂತರು.

ಮನೆ, ಪಾತ್ರೆ, ಮಂಚ ಎಲ್ಲ ಸರಾಗವಾಗಿ ಪಾಲಾದವು. ತಕರಾರು ಬಂದದ್ದು ಮೂತಿಗಳಿಗೆ. ಅಣ್ಣನಿಗೆ ಹೆಚ್ಚಾಗಬಾರದು, ತಮ್ಮನಿಗೆ ಕಡಿಮೆಯಾಗಬಾರದು. ಪಂಚರು ತುಂಬ ಹೊತ್ತು ಎಲೆ ಅಡಿಕೆ ಹಾಕಿ, ಕೊನೆಗೆ ತಕ್ಕಡಿ ತರಿಸಿದರು. ಸೊಂಡಿಲು ಮೂತಿ ಒಂದು ತಟ್ಟೆಯಲ್ಲಿ, ಉಳಿದ ನಾಲ್ಕೂ ಇನ್ನೊಂದು ತಟ್ಟೆಯಲ್ಲಿ. ಮುಳ್ಳು ನಡುವೆ ನಿಂತಿತು. ಪಂಚರ ಮುಖ ಅರಳಿತು. ದೇವರೇ ಪಾಲು ಮಾಡಿದ ಹಾಗಿದೆ ಎಂದು ಒಬ್ಬರು ಕೈಮುಗಿದರು. ದೊಡ್ಡವನಿಗೆ ದೊಡ್ಡದು, ಚಿಕ್ಕವನಿಗೆ ಚಿಕ್ಕವು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತುಂಗಕ್ಕ, "ಅದರಲ್ಲಿ ಬಟ್ಟೆ ಒಣಗಲ್ಲ" ಎಂದಳು.

ಚಿದಂಬರಯ್ಯನವರು ತಿರುಗಿ ನೋಡಿ, "ನ್ಯಾಯ ನಡೀತಾ ಇದೆಯಲ್ಲ ತಾಯೀ, ಬಟ್ಟೆ ವಿಷಯ ಈಗ ಯಾಕೆ?" ಎಂದರು.

ನಲ್ಲಿಗೆ ಕವಲು ಹಾಕಿಸಿ ಎರಡು ಪೈಪು ಮಾಡಿದರು. ಅಂಗಳದ ನಡುವೆ ಎದೆಮಟ್ಟದ ಗೋಡೆ ಎದ್ದಿತು. ಈ ಕಡೆಯ ಮೂತಿ ಆ ಕಡೆ ಹೋಗಕೂಡದು, ಆ ಕಡೆಯದು ಈ ಕಡೆ ಬರಕೂಡದು ಎಂದು ಅಣ್ಣತಮ್ಮಂದಿರಿಬ್ಬರೂ ನಲ್ಲಿ ಮುಟ್ಟಿ ಆಣೆ ಮಾಡಿದರು. ನಾವಿಬ್ಬರೂ ಪಂಚರಿಗೆ ಕಾಫಿ ಕೊಟ್ಟೆವು.

ಮಾರನೆಯ ಬೆಳಿಗ್ಗೆ ಗೋಡೆಯಾಚೆ ಒಂದು ಸದ್ದು ಕೇಳಿತು, ಹಿಂದೆಯೇ ಬೂದಿಯ ಮೋಡ ಎದ್ದಿತು. ತುಂಗಕ್ಕ ಸೊಂಡಿಲು ಮೂತಿಯಲ್ಲಿ ಒಲೆ ಹೊತ್ತಿಸಲು ನೋಡಿದ್ದಳು. ನಾನು ಚಪ್ಪಟೆ ಮೂತಿಯಲ್ಲಿ ಅಕ್ಕಿ ತೂರಲು ಹೋಗಿ ಹೊಟ್ಟನ್ನೆಲ್ಲ ನನ್ನ ತಲೆಯ ಮೇಲೇ ಹಾಕಿಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲಿಂದ ಒಂದು ಅಗ್ಗಿಷ್ಟಿಕೆ ಇಳಿಯಿತು. ನಾನು ಸೂಜಿಮೂತಿ ಹಿಡಿದು ಕೆಂಡ ಮಾಡಿ ವಾಪಸು ಏರಿಸಿದೆ. ಹಿಂದೆಯೇ ನನ್ನ ಅಕ್ಕಿಯ ಮೊರ ಕೊಟ್ಟೆ. ಮಧ್ಯಾಹ್ನ ಒದ್ದೆ ಬಟ್ಟೆಯ ಬಕೀಟು ಬಂತು. ಮೂತಿಗಳು ಇದ್ದಲ್ಲೇ ಇದ್ದವು. ಆಣೆ ಮುರಿಯಲಿಲ್ಲ. ದಿನಕ್ಕೆ ಹತ್ತಾರು ಸಲ ಗೋಡೆಯ ಬಳಿ ಹೋಗಬೇಕಾಗುತ್ತಿತ್ತು. ಒಂದೇ ಮನೆಯಲ್ಲಿದ್ದಾಗ ಉಪ್ಪು ಹಾಕಿದೆಯಾ, ಹಾಲು ಕಾಯಿಸಿದೆಯಾ ಎನ್ನುವುದರ ಆಚೆಗೆ ನಾವು ಮಾತಾಡಿದ್ದು ಕಡಿಮೆ. ಮನೆ ಎರಡಾದ ಮೇಲೆ ಗೋಡೆಗೆ ಮೊಣಕೈ ಊರಿ ನಿಂತು ಹರಟೆ ಹೊಡೆಯುವುದು ಅಭ್ಯಾಸವಾಯಿತು. ತಂದೆ ತಾಯಿ ಇಲ್ಲದ ತನಗೆ ತವರು ಎಂಬುದೇ ಇಲ್ಲ ಎಂಬುದನ್ನೂ, ಮಕ್ಕಳಿಗಾಗಿ ಯಾವ ಯಾವ ದೇವರಿಗೆ ಹರಕೆ ಹೊತ್ತಿದ್ದಳು ಎಂಬುದನ್ನೂ ಅವಳು ಹೇಳಿದ್ದು ಆ ಗೋಡೆಯ ಮೇಲಿಂದಲೇ.

ಗಂಡಸರಿಗೂ ಸಂತೋಷ. "ನೋಡಿದೆಯಾ, ಒಂದೇ ಮೂತಿಯಲ್ಲಿ ಸಂಸಾರ ಎಷ್ಟು ಚೆನ್ನಾಗಿ ನಡೀತಾ ಇದೆ. ಉಳಿದದ್ದೆಲ್ಲ ಬರೀ ಶೋಕಿ" ಎಂದು ಭಾವ ತುಂಗಕ್ಕನಿಗೆ ಹೇಳುತ್ತಿದ್ದರಂತೆ. ನಮ್ಮವರು ಊಟಕ್ಕೆ ಕೂತು, "ಆ ಸೊಂಡಿಲು ನಮಗೆ ಯಾವತ್ತೂ ಬೇಕಾಗೇ ಇರಲಿಲ್ಲ, ಸುಮ್ಮನೆ ಜಾಗ ತಿನ್ನುತ್ತಿತ್ತು" ಎನ್ನುತ್ತಿದ್ದರು. ಎಲೆಯ ಮೇಲಿದ್ದ ಅನ್ನ ಆ ಸೊಂಡಿಲಿನ ಗಾಳಿಯಲ್ಲಿ ಹಸನಾದದ್ದು.

ಇದು ಹಾಗೆಯೇ ನಡೆಯುತ್ತಿತ್ತೋ ಏನೋ. ಅಂಗಿಯ ವಿಷಯದಲ್ಲಿ ಕೆಟ್ಟಿತು.

ಪಾಲಾದ ಮೇಲೆ ಭಾವ ತಮ್ಮನ ಹತ್ತಿರ ಹೊಲಿಸುವ ಹಾಗಿರಲಿಲ್ಲ. ಪೇಟೆಯ ಇನ್ನೊಬ್ಬ ಟೈಲರಿನ ಹತ್ತಿರ ಎರಡು ಅಂಗಿ ಹೊಲಿಸಿದರು. ಅವನ್ನು ತೊಟ್ಟರೆ ಇಳಿದ ಭುಜ ಇನ್ನಷ್ಟು ಇಳಿದು, ಒಂದು ಕಡೆಗೆ ವಾಲಿದ ತಂಬೂರಿಯ ಹಾಗೆ ಕಾಣುತ್ತಿದ್ದರು. ಅಂಥ ಒಂದು ಬೂದುಬಣ್ಣದ ಅಂಗಿಯನ್ನು ನಾನು ಒಣಗಿಸಿ ಮಡಿಸುವಾಗ, ಅದೇ ಬಣ್ಣದ ಇನ್ನೊಂದು ಅಂಗಿ ಪಕ್ಕದಲ್ಲಿತ್ತು. ಅದನ್ನು ನಮ್ಮವರು ಪಾಲಿಗೆ ಮೊದಲೇ ಅಣ್ಣನಿಗೆಂದು ಹೊಲಿದು, ಕೊಡಲಾಗದೆ, ಬಿಸಾಡಲೂ ಆಗದೆ, ತಾವೇ ತೋಳು ಮಡಿಸಿ ತೊಡುತ್ತಿದ್ದರು. ಯಾವ ಅಂಗಿ ಯಾವ ಬಕೀಟಿಗೆ ಹೋಯಿತೋ ನಾನು ನೋಡಲಿಲ್ಲ.

ಭಾನುವಾರ ನಮ್ಮವರು ಗುಂಡಿ ತರಲು ಪೇಟೆಗೆ ಹೋಗಿದ್ದರು. ಅಲ್ಲಿ ಭಾವ ಯಾರೊಂದಿಗೋ ನಿಂತು ತೋಳು ಚಾಚಿ ತೋರಿಸುತ್ತಿದ್ದರು.

"ನಮ್ಮ ಹೊಸ ಟೈಲರು ಕೊನೆಗೂ ಕೈ ಕುದುರಿಸಿಕೊಂಡ. ನೋಡಿ, ಭುಜ ಹೇಗೆ ಕೂತಿದೆ. ನನ್ನ ತಮ್ಮ ಒಬ್ಬ ಹೊಲೀತಿದ್ದನಲ್ಲ, ಅವನಿಗಿಂತ ನೂರು ಪಾಲು ಮೇಲು."

ನಮ್ಮವರು ಹತ್ತಿರ ಹೋಗಿ ಅಣ್ಣನ ಎದೆಯ ಮೇಲೆ ಗುಂಡಿ ಕೂತ ತೂತನ್ನು ಬೆರಳಿಟ್ಟು ತೋರಿಸಿದರು. ಪಾಲಾದ ಮೇಲೆ ಆಡಿದ ಮೊದಲ ಮಾತು ಅದು. "ಆ ಕಾಜ ನನ್ನದು" ಎಂದರು.

ಮನೆಗೆ ಬಂದವರು ಸಿಟ್ಟಾಗಿದ್ದಾರೋ ಹಿಗ್ಗಿದ್ದಾರೋ ಎಂದು ನನಗೆ ತಿಳಿಯಲಿಲ್ಲ. "ನೂರು ಪಾಲು ಮೇಲಂತೆ" ಎಂದು ನಾಲ್ಕೈದು ಸಲ ಅಂದರು. ಆದರೆ ಭಾವನಿಗೆ ಪೇಟೆಯ ನಡುವೆ ಅವಮಾನವಾಗಿತ್ತು. ಅಂದು ಸಂಜೆಯೇ ಗಾರೆ ಮೇಸ್ತ್ರಿ ಬಂದ. ಗೋಡೆ ಎದೆಮಟ್ಟದಿಂದ ಆಳೆತ್ತರಕ್ಕಿಂತ ಮೇಲಕ್ಕೆ ಹೋಯಿತು. ಬಟ್ಟೆ, ಅಕ್ಕಿ, ಕೆಂಡ ಯಾವುದೂ ದಾಟಕೂಡದೆಂದು ಇಬ್ಬರೂ ತಮ್ಮ ತಮ್ಮ ಹೆಂಡತಿಗೆ ಹೇಳಿದರು. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳಿದ್ದು ಅದೊಂದು ವಿಷಯದಲ್ಲಿ. ಇಬ್ಬರೂ ದಿನವಿಡೀ ಮನೆಯ ಮುಂಗಡೆಯೇ ಕೂತಿರುವವರು, ಬೀದಿಯಿಂದ ಸಾಗಿಸೋಣವೆಂದರೂ ಕಣ್ಣು ತಪ್ಪಿಸುವ ಹಾಗಿರಲಿಲ್ಲ.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ನಮ್ಮನೆ ಅನ್ನದಲ್ಲಿ ಹೊಟ್ಟು ಸಿಗುತ್ತಿತ್ತು. ನಮ್ಮವರು ಒಂದೊಂದೇ ತೆಗೆದು ಎಲೆಯ ಅಂಚಿಗಿಟ್ಟು ಉಣ್ಣುತ್ತಿದ್ದರು. ಆ ಕಡೆ ಬಟ್ಟೆ ಒಣಗದೆ ಮುಗ್ಗಲು ಹಿಡಿಯಿತು. ಭಾವ ಮೈಯ ಮುಗ್ಗಲು ವಾಸನೆ ಮರೆಸಲು ಅಂಗಡಿಯಲ್ಲಿ ಒಟ್ಟೊಟ್ಟಿಗೆ ಹಿಡಿಯಷ್ಟು ಊದುಬತ್ತಿ ಹಚ್ಚುತ್ತಿದ್ದರು. ಅದನ್ನು ನೋಡಿ ಜನ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡು ಹೆಚ್ಚು ಹೆಚ್ಚು ಬಂದರು.

ಒಂದು ಬೆಳಿಗ್ಗೆ ಗೋಡೆಯಾಚೆ ತುಂಗಕ್ಕ ವಾಂತಿ ಮಾಡಿಕೊಳ್ಳುವುದು ಕೇಳಿಸಿತು. ಮಾರನೆಯ ದಿನವೂ ಕೇಳಿಸಿತು. ಹರಕೆಗಳೆಲ್ಲ ಮುಗಿದು, ಆಸೆ ಬಿಟ್ಟು, ತಲೆಯಲ್ಲಿ ಬಿಳಿಕೂದಲು ಕಂಡ ಮೇಲೆ ಅವಳಿಗೆ ಗರ್ಭ ನಿಂತಿತ್ತು. ನಾನು ಗೋಡೆಗೆ ಬಾಯಿಟ್ಟು, "ಅಕ್ಕಾ, ಹೌದೇನೇ?" ಎಂದೆ. ಆ ಕಡೆಯಿಂದ, "ಹೌದು ಕಣೆ, ಈ ವಯಸ್ಸಲ್ಲಿ. ನಾಚಿಕೆ ಆಗತ್ತೆ" ಎಂದು ನಗುವ ಸದ್ದು ಬಂತು.

ಹೆರಿಗೆಯ ದಿನ ನಾನು ಸೆರಗು ಸಿಕ್ಕಿಸಿಕೊಂಡು ಹೊರಟೆ. ನಮ್ಮವರು ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ. "ಎಲ್ಲಿಗೆ?" ಎಂದು ಕೇಳಲೂ ಇಲ್ಲ. ಸಂಜೆ ವಾಪಸು ಬಂದಾಗ ಮಾತ್ರ, ಬಾಗಿಲಲ್ಲೇ, "ಏನು?" ಎಂದರು. "ಗಂಡು" ಎಂದೆ. "ಅತ್ತಿಗೆ?" ಎಂದರು. "ಚೆನ್ನಾಗಿದ್ದಾಳೆ." ಆಮೇಲೆ ದೀಪ ಹಚ್ಚುವ ತನಕ ಬರೀ ಖಾಲಿ ಮಿಷನ್ ತುಳಿದರು.

ಭಾವ ಮಗನಿಗೆ ಮಾರುತಿ ಎಂದು ಹೆಸರಿಟ್ಟರು. ಗಾಳಿದೇವರ ಮಗನ ಹೆಸರು. ಆ ಮಗುವಿಗೆ ಬೇಕಾದದ್ದೂ ಅದೊಂದೇ ಆಗಿತ್ತು.

ಹುಟ್ಟಿದ್ದು ಕಡುಬೇಸಗೆಯಲ್ಲಿ. ನಮ್ಮೂರಲ್ಲಿ ಎಳೆಮಕ್ಕಳನ್ನು ಮಧ್ಯಾಹ್ನ ಜರಡಿಮೂತಿಯ ಗಾಳಿಯಲ್ಲಿ ಮಲಗಿಸುತ್ತಾರೆ, ಇಲ್ಲವಾದರೆ ಮಕ್ಕಳು ಉಸಿರುಗಟ್ಟಿದ ಹಾಗೆ ಅಳುತ್ತವೆ. ಮಾರುತಿಯ ಬೆನ್ನಿನ ತುಂಬ ಬೆವರುಸಾಲೆ ಎದ್ದಿತು. ಮಗು ನಿದ್ದೆ ಮಾಡಲಿಲ್ಲ, ಹಾಲು ಬಿಟ್ಟಿತು. ಅಳುವುದು ನಮ್ಮ ಅಂಗಳಕ್ಕೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಮ್ಮವರ ಕೈಯಲ್ಲಿ ಹೊಲಿಗೆ ಸೊಟ್ಟ ಹೋಗುತ್ತಿತ್ತು. "ಜರಡಿಮೂತಿ ಕೊಟ್ಟುಬಿಡಲಾ?" ಎಂದು ಕೇಳಿದೆ.

"ಆಣೆ ಇದೆ" ಎಂದರು. "ಅವನು ಬಂದು ಕೇಳಲಿ. ಆಮೇಲೆ ನೋಡೋಣ."

ಆ ಕಡೆ ಭಾವ ಹೇಳಿದ್ದೂ ಅದೇ. "ಅವನಾಗಿ ಕೊಡಲಿ, ಆಮೇಲೆ ನೋಡೋಣ."

ಮಗು ಅಳುತ್ತಲೇ ಇತ್ತು. ದಿನದಿಂದ ದಿನಕ್ಕೆ ಅಳುವಿನ ಶಕ್ತಿ ಕಡಿಮೆಯಾಗುತ್ತಿತ್ತು. ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ಕೊನೆಗೆ ಭಾವ ತಾವೇ ಒಂದು ಉಪಾಯ ಮಾಡಿದರು. ಸೊಂಡಿಲು ಮೂತಿಯ ಬಾಯಿಗೆ ಹಳೆಯ ಪಂಚೆಯನ್ನು ನಾಲ್ಕು ಪದರ ಮಡಿಸಿ ಕಟ್ಟಿ, ತೊಟ್ಟಿಲಿನ ಕಡೆ ತಿರುಗಿಸಿ, ನಲ್ಲಿ ಬಿಟ್ಟರು. ಪಂಚೆ ಒಂದು ಕ್ಷಣ ಬುಗ್ಗೆಯ ಹಾಗೆ ಉಬ್ಬಿತಂತೆ. ಭಾವ ಹೆಂಡತಿಯ ಕಡೆ ತಿರುಗಿ, "ನೋಡು" ಎಂದರಂತೆ. ಅಷ್ಟರಲ್ಲಿ ಪಂಚೆ ಕಿತ್ತುಕೊಂಡು ಹೋಯಿತು. ತೊಟ್ಟಿಲು ಗೋಡೆಗೆ ಬಡಿಯಿತು. ಮಗುವಿನ ಕುಲಾವಿ ಹಾರಿ ಜಂತಿಗೆ ಸಿಕ್ಕಿಹಾಕಿಕೊಂಡಿತು. ತುಂಗಕ್ಕ ತೊಟ್ಟಿಲಿನ ಮೇಲೆ ಅಡ್ಡ ಬಿದ್ದು ಮಗುವನ್ನು ಮುಚ್ಚಿಕೊಂಡಳು. ಮಗುವಿಗೆ ಏನೂ ಆಗಲಿಲ್ಲ. ಅವಳ ಬೆನ್ನು ಮಾತ್ರ ವಾರದ ತನಕ ನೋಯುತ್ತಿತ್ತು.

ಗೋಡೆಯಾಚೆಯ ಸದ್ದಿಗೆ ನಾನು ಓಡಿ ಬೀದಿ ಬಾಗಿಲಿಗೆ ಬರುವಷ್ಟರಲ್ಲಿ ತುಂಗಕ್ಕ ನಮ್ಮ ಮೆಟ್ಟಿಲ ಹತ್ತಿರವಿದ್ದಳು. ಹಸಿ ಬಾಣಂತಿ, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿಹೋಗಿತ್ತು, ನಡುಮಧ್ಯಾಹ್ನದ ಬಿಸಿಲಿನಲ್ಲಿ ಬರಿಗಾಲಲ್ಲಿ ಮಗುವನ್ನು ಅವಚಿಕೊಂಡು ನಿಂತಿದ್ದಳು. ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಅವಳು ಯಾರನ್ನೂ ನೋಡಲಿಲ್ಲ. ನಮ್ಮವರನ್ನು ಮಾತ್ರ ನೋಡಿದಳು.

"ಮೂತಿ ದಾಟಬಾರದು ಅಂತ ಆಣೆ ಮಾಡಿದ್ರಿ. ಮಗು ದಾಟಬಾರದು ಅಂತಲೂ ಮಾಡಿದ್ರೇನಪ್ಪ ಶೇಷಣ್ಣ?" ಎಂದಳು.

ನಮ್ಮವರು ಮಿಷನ್ನಿನ ಮೇಲಿಂದ ಕಾಲು ತೆಗೆದು ಎದ್ದರು. ಮಗುವನ್ನು ನನಗೆ ಕೊಡಿಸಿ, ನನಗಿಂತ ಮುಂಚೆ ತಾವೇ ಅಡುಗೆಮನೆಗೆ ಹೋದರು. ಗೋಡೆಯ ಮೊಳೆಗಳ ಮುಂದೆ ನಿಂತರು. ಅಲ್ಲಿ ನಾಲ್ಕು ಮೂತಿಗಳಿದ್ದವು. ಅವರಿಗೆ ಯಾವುದೆಂದು ಗೊತ್ತಾಗಲಿಲ್ಲ. "ಯಾವುದೇ?" ಎಂದು ಕೇಳಿದರು. ಎಷ್ಟು ವರ್ಷದಿಂದ ಆ ಮನೆಯಲ್ಲಿ ಇದ್ದವರು. ನಾನು ತೋರಿಸಿದೆ. ಅವರು ತಿರುಗಿಸಿ ಕೂರಿಸಿದರು, ಮೊದಲು ಓರೆಯಾಗಿ ಕೂರಿಸಿದರು, ಆಮೇಲೆ ಸರಿಯಾಗಿ. "ನಿಮ್ಮ ಮುಖಕ್ಕೆ ಹಿಡ್ಕೊಂಡು ನೋಡಿ, ರೆಪ್ಪೆ ಅಲ್ಲಾಡಬಾರದು" ಎಂದೆ. ನಲ್ಲಿಯನ್ನು ಒಂದೊಂದು ಎಳೆ ತಿರುಗಿಸುತ್ತ, ಕಣ್ಣು ತೆರೆದುಕೊಂಡು ಆ ಗಾಳಿಗೆ ಮುಖ ಒಡ್ಡಿ ನಿಂತರು. ಕಣ್ಣಲ್ಲಿ ನೀರು ಬಂತು. ಗಾಳಿಯದೇ ಇರಬಹುದು. ಆಮೇಲೆ ಮೂತಿಯನ್ನು ಮಗುವಿನ ಕಡೆ ತಿರುಗಿಸಿದರು. ಮಾರುತಿ ಬಿಕ್ಕುತ್ತ ಬಿಕ್ಕುತ್ತ ಅಳು ನಿಲ್ಲಿಸಿದ, ಬಾಯಿ ತೆರೆದ, ಆಕಳಿಸಿದ, ಮಲಗಿದ. ಅವನ ನೆತ್ತಿಯ ಕೂದಲು ಮೆಲ್ಲಗೆ ಅಲ್ಲಾಡುತ್ತಿತ್ತು. ತುಂಗಕ್ಕ ಅಲ್ಲೇ ನೆಲದ ಮೇಲೆ ಒರಗಿ ಮಗನಿಗಿಂತ ಮೊದಲು ಗೊರಕೆ ಹೊಡೆದಳು.

ದಿನಾ ಬಾಣಂತಿ ಬೀದಿಯಲ್ಲಿ ಬಂದುಹೋಗುವುದು ಚೆನ್ನಾಗಿರುವುದಿಲ್ಲ ಎಂದು ಊರು ಹೇಳಿತು. ಭಾವನೂ ಆ ಅನಾಹುತದ ನಂತರ ಮೆತ್ತಗಾಗಿದ್ದರು, ಆದರೆ ಮಾತಿನಲ್ಲಿ ಅಲ್ಲ. ಚಿದಂಬರಯ್ಯನವರ ಹತ್ತಿರ ಹೋಗಿ, "ಗೋಡೆ ಪಂಚಾಯಿತಿಯದು, ನಾನು ಅದನ್ನು ಪ್ರಶ್ನಿಸಲ್ಲ. ಮಗು ಪಾಲಾದ ಮೇಲೆ ಹುಟ್ಟಿದ್ದು, ಅದಕ್ಕೂ ಈ ಜಗಳಕ್ಕೂ ಸಂಬಂಧವಿಲ್ಲ. ಮಗುವಿಗೆ ಮಾತ್ರ ಒಂದು ಬಾಗಿಲು ಕೊಡಿಸಿ" ಎಂದರು.

ಚಿದಂಬರಯ್ಯನವರು ಬಂದು ನೋಡಿದರು. ಈ ಸಲ ತಕ್ಕಡಿ ತರಿಸಲಿಲ್ಲ. ಬಾಗಿಲು ಮಗುವಿಗೆ ಎಂದ ಮೇಲೆ ಮಗುವಿನಷ್ಟೇ ಇರಬೇಕು, ಹೆಚ್ಚಾದರೆ ದೊಡ್ಡವರು ದಾಟಿಯಾರು, ಆಣೆ ಕೆಡುತ್ತದೆ ಎಂದರು. ಮಗುವಿನ ಉದ್ದವನ್ನು ಗೋಡೆಯ ಬುಡದಿಂದ ಅಳೆಸಿದರು. ಮಗು ಬೆಳೆಯುತ್ತದಲ್ಲ ಎಂದು ತುಂಗಕ್ಕ ಕೇಳಿದ್ದಕ್ಕೆ, ಸ್ವಲ್ಪ ಯೋಚಿಸಿ, "ವರ್ಷವರ್ಷ ಹುಟ್ಟುಹಬ್ಬಕ್ಕೆ ಅಳೆದು ಎತ್ತರಿಸೋಣ, ಅದರಲ್ಲೇನು" ಎಂದರು. ಮೇಸ್ತ್ರಿ ಗೋಡೆಯಲ್ಲಿ ನಾಯಿ ನುಗ್ಗುವಷ್ಟು ಒಂದು ಬಾಗಿಲು ಒಡೆದು, ಮೇಲೆ ಹಲಗೆ ಇಟ್ಟುಕೊಟ್ಟ.

ಮಧ್ಯಾಹ್ನ ಗಾಳಿ ಬರುವ ಹೊತ್ತಿಗೆ ತುಂಗಕ್ಕ ಮಗುವನ್ನು ಮೊರದಲ್ಲಿ ಮಲಗಿಸಿ ಈ ಕಡೆಗೆ ಜಾರಿಸುತ್ತಿದ್ದಳು, ನಾನು ಎತ್ತಿ ಗೋಡೆಯ ನೆರಳಲ್ಲಿ ಕಟ್ಟಿದ್ದ ತೊಟ್ಟಿಲಿಗೆ ಹಾಕುತ್ತಿದ್ದೆ. ಹಾಲಿಗೆ ಅತ್ತರೆ ತಾಯಿ ಬೇಕಲ್ಲ, ಅವಳೂ ಒಂದು ಕಡೆ ಮಲಗಿ ಹೇಗೋ ತೂರಿಕೊಂಡು ಬರುತ್ತಿದ್ದಳು. ಮಗು ನಿದ್ದೆ ಹೋದ ಮೇಲೆ ನಾವಿಬ್ಬರೂ ಮೊದಲಿನ ಹಾಗೆ ಅಕ್ಕಿ ಆರಿಸುತ್ತ ಕೂರುತ್ತಿದ್ದೆವು. ನಮ್ಮವರು ಅಂಗಡಿ ಬಾಗಿಲು ಅರ್ಧ ಮುಚ್ಚಿ ಒಳಗೆ ಬಂದು ತೊಟ್ಟಿಲ ಪಕ್ಕದಲ್ಲಿ ನಿಲ್ಲುತ್ತಿದ್ದರು. ಜರಡಿಮೂತಿಯನ್ನು ಬೇರೆ ಯಾರೂ ಮುಟ್ಟಬಾರದು.

ಗೋಡೆಯ ಆ ಕಡೆ ಭಾವ ಒಬ್ಬರೇ. ಹೆಂಡತಿ ಇಲ್ಲ, ಮಗ ಇಲ್ಲ, ಮಾತಾಡಲು ಯಾರೂ ಇಲ್ಲ. ಅಂಗಳದಲ್ಲಿ ಅವರ ಹೆಜ್ಜೆ ಆಚೆ ಈಚೆ ಓಡಾಡುವುದು ಕೇಳುತ್ತಿತ್ತು. ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದು ಬಂದಿದ್ದರೆ ನಾನು ಮಣೆ ಹಾಕುತ್ತಿದ್ದೆ. ಆದರೆ ಬೀದಿಯಲ್ಲಿ ನೆಟ್ಟಗೆ ನಡೆದು ಬಂದರೆ ಮರ್ಯಾದೆ ಹೋಗುತ್ತದೆ, ಅಂಗಳದಲ್ಲಿ ತೆವಳಿಕೊಂಡು ಬಂದರೆ ಯಾರಿಗೂ ಕಾಣುವುದಿಲ್ಲ. ಒಂದು ಮಧ್ಯಾಹ್ನ ಆ ಬಾಗಿಲಿನಿಂದ ಒಂದು ನರೆತ ತಲೆ ಒಳಗೆ ಬಂತು. ಭುಜ ಸಿಕ್ಕಿಕೊಂಡು ಅಲ್ಲೇ ನಿಂತಿತು.

ಸರಿಯಾಗಿ ನಮ್ಮವರ ಪಾದದ ಹತ್ತಿರ.

ಅಣ್ಣನ ತಲೆ ತಮ್ಮನ ಕಾಲ ಬಳಿ. ನಮ್ಮವರು ಕೆಂಡ ತುಳಿದವರ ಹಾಗೆ ಹಿಂದಕ್ಕೆ ನೆಗೆದರು. ಹಿಂದೆ ತೊಟ್ಟಿಲು, ಪಕ್ಕದಲ್ಲಿ ನಾವು, ಹೋಗಲು ಜಾಗವಿಲ್ಲ. ಬೇರೆ ದಾರಿ ಕಾಣದೆ ಅವರೂ ನೆಲಕ್ಕೆ ಕೂತರು. ಅದೂ ಎತ್ತರವೆನಿಸಿತೋ ಏನೋ, ಹೊಟ್ಟೆಯ ಮೇಲೆ ಮಲಗಿದರು. ಅಣ್ಣತಮ್ಮಂದಿರ ಮುಖಗಳು ಎದುರುಬದುರಾದವು. ಪಾಲಾದ ಮೇಲೆ ಅಷ್ಟು ಹತ್ತಿರದಿಂದ ಅವರು ಒಬ್ಬರನ್ನೊಬ್ಬರು ನೋಡಿರಲಿಲ್ಲ.

"ಮಲಗಿದ್ದಾನಾ?" ಎಂದರು ಭಾವ.

"ಈಗ ತಾನೇ, ಅಣ್ಣ" ಎಂದರು ನಮ್ಮವರು.

"ನನಗೆ ಇಲ್ಲಿಂದ ಕಾಣ್ತಾ ಇಲ್ಲ."

"ಸ್ವಲ್ಪ ಬಲಕ್ಕೆ ತಿರುಗು. ಆ ಭುಜ ಕೆಳಗೆ ಹಾಕು, ಇಳಿದಿರೋದನ್ನ. ಹಾಗೆ. ಈಗ ಬಾ."

ನಾನೂ ತುಂಗಕ್ಕನೂ ಅಕ್ಕಿಯ ಮೊರ ಹಿಡಿದು ಗಡಬಡಿಸಿ ಅಡುಗೆಮನೆಗೆ ಓಡಿದೆವು. ಅಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಎಷ್ಟು ನಕ್ಕೆವೆಂದರೆ, ತುಂಗಕ್ಕ ನಗುತ್ತ ನಗುತ್ತಲೇ ಅಳಲು ಶುರುಮಾಡಿದಳು.

ಅಷ್ಟಾದ ಮೇಲೆ ಗೋಡೆ ಕೆಡವುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಪಂಚರ ಮುಂದೆ ಮಾಡಿದ ಆಣೆ, ಊರು ನೋಡಿದ ಗೋಡೆ. ಕೆಡವಿ ಎಂದು ಬಾಯಿಬಿಟ್ಟು ಹೇಳಲು ಇಬ್ಬರಿಗೂ ಆಗಲಿಲ್ಲ. ಭಾವ ದಿನಾ ಮಧ್ಯಾಹ್ನ ತೆವಳಿಕೊಂಡೇ ಬರುತ್ತಿದ್ದರು. ನಮ್ಮವರು ಆ ಹೊತ್ತಿಗೆ ಮುಂಚಿತವಾಗಿ ನೆಲದ ಮೇಲೆ ಚಾಪೆ ಹಾಸಿ ಮಲಗಿರುತ್ತಿದ್ದರು. ಮೊದಲ ಹುಟ್ಟುಹಬ್ಬಕ್ಕೆ ಹಲಗೆ ಎತ್ತರಿಸಿದಾಗ ಭಾವ ಅಂಬೆಗಾಲಿಗೆ ಬಂದರು. ಮಾರುತಿಯೂ ಆಗ ಅಂಬೆಗಾಲಿನಲ್ಲಿದ್ದ. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಮಗ ಎದ್ದು ಓಡಾಡುವ ಹೊತ್ತಿಗೆ ಅಪ್ಪ ಕುಕ್ಕರಗಾಲಿನಲ್ಲಿ ದಾಟುವಷ್ಟಾಗಿತ್ತು. ಆಮೇಲೆ ಸೊಂಟ ಬಗ್ಗಿಸಿದರೆ ಸಾಕು ಎನ್ನುವಷ್ಟಾಯಿತು.

ಮಾರುತಿ ಮಾತ್ರ ಕುಳ್ಳ. ವಯಸ್ಸಿಗೆ ತಕ್ಕ ಎತ್ತರ ಬರಲೇ ಇಲ್ಲ, ತುಂಗಕ್ಕನ ಕಡೆಯವರ ಹಾಗೆ. ಭಾವ ಅವನ ಬೆನ್ನು ಬಿಡುತ್ತಿರಲಿಲ್ಲ. ಬೆಣ್ಣೆ ತಿನ್ನಿಸಿದರು, ರಾಗಿ ಹುರಿಹಿಟ್ಟು ಕುಡಿಸಿದರು, ಸೀಬೆಮರದ ಕೊಂಬೆಗೆ ದಿನಾ ಜೋತುಬೀಳಿಸಿದರು. "ಬೇಗ ಬೆಳಿಯೋ ಮಾರು, ನಿನ್ನಪ್ಪನ ಸೊಂಟ ಬಿದ್ದುಹೋಗ್ತಾ ಇದೆ" ಎನ್ನುತ್ತಿದ್ದರು. ಹೋದ ವರ್ಷ ಅವನು ಬೆಳೆದದ್ದು ಒಂದು ಬೆರಳಿನಷ್ಟೂ ಇಲ್ಲ. ಮೇಸ್ತ್ರಿ ಹಲಗೆಯನ್ನು ನೋಡಿ, ಏನೂ ತೆಗೆಯುವಂತಿಲ್ಲವೆಂದು ಪಾಯಸ ಕುಡಿದು ಹೋದ. ಅಂದು ಭಾವನಿಗೆ ಊಟ ಸೇರಲಿಲ್ಲ.

ಈ ಸಲದ ಹುಟ್ಟುಹಬ್ಬ ಮೊನ್ನೆ ಆಯಿತು. ಚಿದಂಬರಯ್ಯನವರಿಗೆ ಈಗ ಕಣ್ಣು ಮಂಜು, ಕೋಲು ಹಿಡಿದು ಬಂದು ಕುರ್ಚಿಯಲ್ಲಿ ಕೂತರು. ಅಳೆಯುವುದು ನಮ್ಮವರ ಕೆಲಸ, ಟೈಲರ್ ಅಲ್ಲವೇ. ಮಾರುತಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಅವನು ಗಂಭೀರವಾಗಿ ನಿಂತ. ಆಮೇಲೆ ಎದುರಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ ಅಪ್ಪನನ್ನು ಒಂದು ಸಲ ನೋಡಿದ. ಮೆಲ್ಲಗೆ ಎರಡೂ ಹಿಮ್ಮಡಿ ನೆಲದಿಂದ ಎದ್ದವು.

ಎಲ್ಲರಿಗೂ ಕಂಡಿತು. ತುಂಗಕ್ಕ ನನ್ನನ್ನು ನೋಡಿದಳು. ನಾನು ಪಾಯಸದ ಪಾತ್ರೆಯನ್ನು ನೋಡಿದೆ. ಮೇಸ್ತ್ರಿ ಕರಣೆಯ ಅಂಚನ್ನು ಬೆರಳಿನಿಂದ ಉಜ್ಜತೊಡಗಿದ. ಭಾವ ಸೂರಿನ ಕಡೆ ಮುಖ ಎತ್ತಿಬಿಟ್ಟರು. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯ ಅಳತೆಯಲ್ಲೂ ತಪ್ಪದ ನಮ್ಮವರು ಮೊಣಕಾಲೂರಿ, ಟೇಪಿನ ತುದಿಯನ್ನು ಹುಡುಗನ ಹಿಮ್ಮಡಿಗೆ ಅಲ್ಲ, ನೆಲಕ್ಕೆ ಒತ್ತಿ ಹಿಡಿದು, ನೆತ್ತಿಯ ತನಕ ಎಳೆದರು.

"ಸರಿಯಾಗಿ ಅಳೆದೆಯೇನೋ ಶೇಷೂ?" ಎಂದರು ಭಾವ, ಸೂರನ್ನೇ ನೋಡುತ್ತ.

"ಸರಿಯಾಗೇ ಇದೆ ಅಣ್ಣ" ಎಂದರು ನಮ್ಮವರು.

ಚಿದಂಬರಯ್ಯನವರು ಮಂಜುಗಣ್ಣನ್ನು ಹುಡುಗನ ಪಾದದ ಮೇಲೆ ಸುಮಾರು ಹೊತ್ತು ನೆಟ್ಟರು. ಆಮೇಲೆ ಕೋಲಿನಿಂದ ನೆಲ ಕುಟ್ಟಿ, "ಹುಡುಗ ಈ ವರ್ಷ ಚೆನ್ನಾಗಿ ಬೆಳೆದಿದ್ದಾನೆ, ತೆಗೆಯಪ್ಪ" ಎಂದರು. ಮೇಸ್ತ್ರಿ ಎರಡು ವರಸೆ ಇಟ್ಟಿಗೆ ತೆಗೆದ. ಅಂದು ಮಧ್ಯಾಹ್ನ ಭಾವ ಬರೀ ಕತ್ತು ಬಗ್ಗಿಸಿ ಈ ಕಡೆ ಬಂದರು.